ಕಪ್ಪತಗುಡ್ಡ ಉಳಿಯಿತು, ಹತ್ತುವವರ ಲೆಕ್ಕ ಉಳಿದೇ ಹೋಯಿತು

ಭಾನುವಾರ ಗದಗ, ಹುಬ್ಬಳ್ಳಿ ಕಡೆಯಿಂದ ಕಪ್ಪತಗುಡ್ಡಕ್ಕೆ ಹೊರಟವರು ಮೊದಲು ಕೇಳುವುದು, ‘ಪರವಾನಗಿ ಬೇಕಾ?’ ಎಂದು. ಉತ್ತರ ಒಬ್ಬೊಬ್ಬರದು ಒಂದೊಂದು. ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಿಂಕದಕಟ್ಟಿಯಿಂದ ತುಂಗಭದ್ರೆ ದಂಡೆಯ ಸಿಂಗಟಾಲೂರಿನವರೆಗೆ ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿದ ಸಾಲು ಇದು. ಕುರಿಗಾರರು, ಗಿಡಮೂಲಿಕೆ ಆರಿಸುವವರು, ಕಪ್ಪತ ಮಲ್ಲಯ್ಯನಿಗೆ ಹರಕೆ ಹೊತ್ತವರು ತಲೆಮಾರುಗಳಿಂದ ಹತ್ತಿಳಿದಿದ್ದಾರೆ. ಆಮೇಲೆ ಬಂದದ್ದು ಅದಿರಿನ ಆಸೆ, ಗಾಳಿಯಂತ್ರಗಳು. ಯಂತ್ರ ಸಾಗಿಸಲು ಕಡಿದ ರಸ್ತೆಗಳಲ್ಲಿ ಈಗ ಬೈಕುಗಳೂ ಏರುತ್ತವೆ.

ನಿಜವಾದ ಸಿಕ್ಕು ಬಿದ್ದದ್ದು 2015ರಿಂದ 2019ರ ನಡುವೆ. 2015ರ ಡಿಸೆಂಬರಿನಲ್ಲಿ ಗುಡ್ಡದ 17,872 ಹೆಕ್ಟೇರ್ ‘ಸಂರಕ್ಷಣಾ ಮೀಸಲು’ ಆಯಿತು. 2016ರ ನವೆಂಬರಿನಲ್ಲಿ ಆ ಆದೇಶ ವಾಪಸ್ ಹೋಯಿತು. 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಗದಗಿನ ಜನ ಧರಣಿ ಕೂತರು. ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿತು. 2019ರ ಮೇನಲ್ಲಿ 244.15 ಚದರ ಕಿ.ಮೀ. ವನ್ಯಜೀವಿ ಧಾಮವೆಂದು ಘೋಷಣೆಯಾಯಿತು. ಹೋರಾಟ ಬೇಕೇ ಬೇಕಿತ್ತು. ಆದರೆ ಆ ನಾಲ್ಕು ವರ್ಷ ಊರಲ್ಲಿ ಮಾತೆಲ್ಲ ಗಣಿಯದೇ. ಗುಡ್ಡದಲ್ಲಿ ಯಾರು, ಎಲ್ಲಿ, ಎಷ್ಟು ಮಂದಿ ಓಡಾಡಬೇಕೆಂಬುದು ಚರ್ಚೆಗೇ ಬರಲಿಲ್ಲ.

ಈ ಎರಡು ಸ್ಥಾನಗಳ ನಡುವಿನ ಅಂತರ ಸಣ್ಣದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲಿನಲ್ಲಿ ಕಾಲಿಡಲು ಪ್ರವೇಶ ಪರವಾನಗಿಯ ಷರತ್ತಿಲ್ಲ. ಧಾಮವಾದರೆ 27ನೇ ಕಲಮು ಅನ್ವಯಿಸುತ್ತದೆ: ಕರ್ತವ್ಯದಲ್ಲಿರುವ ಸರ್ಕಾರಿ ನೌಕರರು, ಒಳಗೆ ಜಮೀನುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರನ್ನು ಬಿಟ್ಟರೆ ಉಳಿದವರಿಗೆ ಪರವಾನಗಿ ಬೇಕು. ಯಾವ ಕಾರಣಕ್ಕೆ ಕೊಡಬಹುದೆಂದು 28ನೇ ಕಲಮು ಹೇಳುತ್ತದೆ. ಸಂಶೋಧನೆ, ಛಾಯಾಗ್ರಹಣದ ಜೊತೆ ಪ್ರವಾಸವೂ ಅದರಲ್ಲಿದೆ. ಹರಕೆಯ ಮಾತು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಮಲ್ಲಯ್ಯನ ಭಕ್ತರೂ ರೀಲ್ಸ್ ಮಾಡಲು ಬಂದ ಹುಡುಗರೂ ಕಾಗದದ ಮೇಲೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದು ಸರಿಯಲ್ಲ ಎಂದು ಅಡವಿ ಅಂಚಿನವರಿಗೆಲ್ಲ ಗೊತ್ತು.

ಗಾಳಿಗುಂಡಿ ಬಸವಣ್ಣನ ಕಡೆ ಏರಿದರೆ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ಎದೆಮಟ್ಟದ ಒಣಹುಲ್ಲು, ಕಾಲು ತಾಗಿದರೆ ಘಮ್ಮೆನ್ನುವ ವಾಸನೆ, ಅದರ ಬುಡದಲ್ಲಿ ಕುರ್ಕುರೆ ಚೀಟು, ಅರ್ಧ ಸುಟ್ಟ ಬೀಡಿ. ಜನವರಿ ದಾಟಿದ ಮೇಲೆ ಅಂಥ ಒಂದು ಬೀಡಿ ಸಾಕು, ಇಳಿಜಾರಿಗೆ ಇಳಿಜಾರೇ ಕಪ್ಪಾಗಲು. ಬೆಂಕಿ ಹಚ್ಚುವುದು ಕಾಯ್ದೆಯ 30ನೇ ಕಲಮಿನಡಿ ಅಪರಾಧ. ಆದರೆ ತೋಳ, ಕತ್ತೆಕಿರುಬ, ಕೊಂಡುಕುರಿಗಳು ಓಡಿದ ಮೇಲೆ ಪ್ರಕರಣ ದಾಖಲಿಸಿ ಏನು ಪ್ರಯೋಜನ?

2024ರ ಆರಂಭದಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿಯೂ ಬಂತು. ಒಂದೇ ಬಾಗಿಲಿನ ಮಲೆನಾಡ ಹಾದಿಗಳಿಗೆ ಅದು ಹೊಂದುತ್ತದೆ. ಕಪ್ಪತಗುಡ್ಡಕ್ಕೆ ಡೋಣಿ, ಡಂಬಳ, ಶಿರಹಟ್ಟಿ, ಎಲ್ಲ ಕಡೆಯಿಂದಲೂ ಕಾಲುದಾರಿಗಳಿವೆ. ಯಾವ ಚೆಕ್‌ಪೋಸ್ಟಿನಲ್ಲಿ ಕೂತು ಎಣಿಸುವುದು? ಆ ದಾರಿಗಳನ್ನು ಬಲ್ಲವರು ಅಡಿವಾರದ ಊರಿನವರೇ. ಹಾದಿ ಗುರುತಿಸಲು, ಜೊತೆಗೆ ನಡೆಯಲು, ಬೆಂಕಿ ಕಾಯಲು ಅವರನ್ನು ಸಂಬಳ ಕೊಟ್ಟು ನೇಮಿಸುವುದಾದರೆ ಹುಲ್ಲು ಒಣಗುವ ಮೊದಲೇ ನೇಮಿಸಬೇಕು.