ಹೆಚ್ಚು ಮತ ಪಡೆದೂ ಸೋತದ್ದು ಹೇಗೆ? ವಾಂಡ್ಸ್‌ವರ್ತ್‌ನ ಮತಲೆಕ್ಕ

ಓದುಗರ ಪ್ರಶ್ನೆ: ನನ್ನ ಮಗಳು ಲಂಡನ್ನಿನ ಟೂಟಿಂಗ್‌ನಲ್ಲಿದ್ದಾಳೆ. ಅದು ವಾಂಡ್ಸ್‌ವರ್ತ್ ಎಂಬ ಬರೋಗೆ (ಲಂಡನ್ನಿನ ಒಂದು ಸ್ಥಳೀಯ ಆಡಳಿತ ವಿಭಾಗಕ್ಕೆ) ಸೇರುತ್ತದಂತೆ. 2018ರ ಸ್ಥಳೀಯ ಚುನಾವಣೆಯಲ್ಲಿ ಅಲ್ಲಿ ಲೇಬರ್ ಪಕ್ಷಕ್ಕೆ ಹೆಚ್ಚು ಮತ ಬಂದರೂ ಕನ್ಸರ್ವೇಟಿವ್ ಪಕ್ಷವೇ ಅಧಿಕಾರ ಉಳಿಸಿಕೊಂಡಿತು ಎಂದು ಹೇಳುತ್ತಾಳೆ. ಇದು ಹೇಗೆ ಸಾಧ್ಯ? ಎಣಿಕೆಯಲ್ಲಿ ತಪ್ಪಾಗಿತ್ತೇ?

ನಿಮ್ಮ ಮಗಳು ಹೇಳಿದ್ದು ನಿಜ. ಎಣಿಕೆಯಲ್ಲಿ ತಪ್ಪೂ ಆಗಿರಲಿಲ್ಲ. 2018ರ ಮೇ 3ರಂದು ನಡೆದ ಆ ಚುನಾವಣೆಯಲ್ಲಿ 60 ಸ್ಥಾನಗಳ ಪೈಕಿ ಕನ್ಸರ್ವೇಟಿವ್ ಪಕ್ಷಕ್ಕೆ 33, ಲೇಬರ್‌ಗೆ 26, ಒಬ್ಬ ಪಕ್ಷೇತರರಿಗೆ 1 ಸ್ಥಾನ ಸಿಕ್ಕಿತು. ಬರೋದ ಎಲ್ಲ ವಾರ್ಡ್‌ಗಳ ಮತಗಳನ್ನು ಕೂಡಿಸಿದರೆ ಲೇಬರ್ ಕೂದಲೆಳೆಯಷ್ಟು ಮುಂದಿತ್ತು. ಎರಡೂ ಪಕ್ಷಗಳ ಪಾಲು ಶೇ 40ರ ಒಳಗೇ ಇತ್ತು. ಆದರೆ ಹಾಗೆ ಕೂಡಿಸಿದ ಮೊತ್ತಕ್ಕೆ ಅಲ್ಲಿನ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಗೆಲುವು ಸೋಲು ತೀರ್ಮಾನವಾಗುವುದು ವಾರ್ಡ್‌ನಲ್ಲಿ.

ಆಗ ವಾಂಡ್ಸ್‌ವರ್ತ್‌ನಲ್ಲಿ 20 ವಾರ್ಡ್‌ಗಳಿದ್ದವು. ಪ್ರತಿ ವಾರ್ಡ್‌ನಿಂದ ಮೂವರು ಕೌನ್ಸಿಲರ್‌ಗಳು ಆಯ್ಕೆಯಾಗುತ್ತಿದ್ದರು. ಮತದಾರರಿಗೂ ಮೂರು ಮತ. ಮತಪತ್ರದಲ್ಲಿ ಮೂರು ಹೆಸರುಗಳ ಮುಂದೆ ‘X’ ಗುರುತು ಹಾಕಬಹುದು. ಅತಿ ಹೆಚ್ಚು ಮತ ಪಡೆದ ಮೊದಲ ಮೂವರು ಗೆದ್ದಂತೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಿದವರಿಗೆ ಇದು ಹೊಸದೇನಲ್ಲ. ಒಂದೇ ಕ್ಷೇತ್ರದಿಂದ ಇಬ್ಬರು, ಮೂವರು ಸದಸ್ಯರು ಬರುವುದು, ಮತದಾರನಿಗೂ ಅಷ್ಟೇ ಮತಗಳಿರುವುದು ಅಲ್ಲಿಯೂ ಉಂಟು. ಆದರೆ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಗೆ ಜಾಗವಿಲ್ಲ, ಮೀಸಲು ಸ್ಥಾನಗಳೂ ಇವೆ. ವಾಂಡ್ಸ್‌ವರ್ತ್‌ನ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಜೊತೆಗೆ ಪಕ್ಷದ ಹೆಸರೂ ಇರುತ್ತದೆ. ಹೆಚ್ಚಿನವರು ಮೂರು ಮತಗಳನ್ನೂ ಒಂದೇ ಪಕ್ಷಕ್ಕೆ ಹಾಕುತ್ತಾರೆ. ಆದ್ದರಿಂದ ವಾರ್ಡ್‌ನಲ್ಲಿ ಸ್ವಲ್ಪ ಮುಂದಿರುವ ಪಕ್ಷ ಸಾಮಾನ್ಯವಾಗಿ ಮೂರೂ ಸ್ಥಾನಗಳನ್ನು ಬಾಚಿಕೊಳ್ಳುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಮೂರು ವಾರ್ಡ್‌ಗಳು, ಎರಡು ಪಕ್ಷಗಳು. ಮೊದಲ ವಾರ್ಡ್‌ನಲ್ಲಿ ‘ಅ’ ಪಕ್ಷದ ಬೆಂಬಲಿಗರು 2,000, ‘ಬ’ ಪಕ್ಷದವರು 1,800. ಎರಡನೆಯದರಲ್ಲಿ ‘ಅ’ 2,100, ‘ಬ’ 1,900. ಮೂರನೆಯದರಲ್ಲಿ ‘ಅ’ ಬರೀ 900, ‘ಬ’ 2,500. ಒಟ್ಟಿನಲ್ಲಿ ‘ಬ’ ಪಕ್ಷದ ಹಿಂದೆ 6,200 ಜನ, ‘ಅ’ ಪಕ್ಷದ ಹಿಂದೆ 5,000 ಜನ. ಸ್ಥಾನಗಳು ಮಾತ್ರ ‘ಅ’ ಪಕ್ಷಕ್ಕೆ ಆರು, ‘ಬ’ ಪಕ್ಷಕ್ಕೆ ಮೂರು! ಮೂರನೆಯ ವಾರ್ಡ್‌ನಲ್ಲಿ ಗೆಲುವಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಬಿದ್ದ ಮತಗಳು ತುಂಬಿದ ಕೊಡಕ್ಕೆ ಮತ್ತೆ ಸುರಿದ ನೀರಿನಂತೆ ಹೊರಗೆ ಹರಿದು ಹೋದವು.

ವಾಂಡ್ಸ್‌ವರ್ತ್‌ನಲ್ಲಿ ಆದದ್ದೂ ಸುಮಾರಾಗಿ ಇದೇ. ಬರೋದ ದಕ್ಷಿಣ ಭಾಗದ ಟೂಟಿಂಗ್, ಗ್ರೇವ್ನಿ, ಫರ್ಜ್‌ಡೌನ್ ವಾರ್ಡ್‌ಗಳು, ಬ್ಯಾಟರ್ಸಿ ಕಡೆಯ ಲ್ಯಾಚ್‌ಮಿಯರ್ ವಾರ್ಡ್ ಲೇಬರ್‌ನ ಭದ್ರಕೋಟೆಗಳು. ಅಲ್ಲಿ ಆ ಪಕ್ಷದ ಮತಗಳು ರಾಶಿ ಬಿದ್ದವು. ಥೇಮ್ಸ್ ದಡದ ಥೇಮ್ಸ್‌ಫೀಲ್ಡ್, ಒಳಗಿನ ನಾರ್ತ್‌ಕೋಟ್, ವಾಂಡ್ಸ್‌ವರ್ತ್ ಕಾಮನ್ ಕಡೆ ಕನ್ಸರ್ವೇಟಿವ್‌ಗೆ ಬಲ. ಇವೆರಡರ ನಡುವಿನ ವಾರ್ಡ್‌ಗಳಲ್ಲಿ ಯಾರು ಎಷ್ಟು ಕಡೆ ಮುಂದೆ ಬಂದರು ಎಂಬುದರ ಮೇಲೆ ಅಧಿಕಾರ ನಿಂತಿತ್ತು. ಟೂಟಿಂಗ್‌ನಲ್ಲಿ ಇನ್ನೂ ಸಾವಿರ ಜನ ಲೇಬರ್‌ಗೆ ಮತ ಹಾಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ನನ್ನನ್ನು ಬಹಳ ಕಾಡುವ ಮಾತು ಇದು. ಮಳೆಯಲ್ಲಿ ನೆನೆದು ಮತಗಟ್ಟೆಗೆ ಹೋದವರ ಮತಕ್ಕೂ ಮನೆಯಲ್ಲೇ ಕುಳಿತವರ ಮೌನಕ್ಕೂ ಅಂತಿಮ ಪಟ್ಟಿಯಲ್ಲಿ ವ್ಯತ್ಯಾಸವೇ ಇಲ್ಲದಂತಾಗುತ್ತದೆ.

ಈ ಬರೋದ ಹಿನ್ನೆಲೆಯನ್ನೂ ಸ್ವಲ್ಪ ತಿಳಿದಿರಬೇಕು. 1978ರಿಂದ ಅಲ್ಲಿ ಕನ್ಸರ್ವೇಟಿವ್ ಆಡಳಿತವಿತ್ತು. ದೇಶದಲ್ಲೇ ಅತಿ ಕಡಿಮೆ ಎನ್ನುವಷ್ಟು ಕೌನ್ಸಿಲ್ ತೆರಿಗೆ (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ಅದರ ಹೆಮ್ಮೆಯಾಗಿತ್ತು. 2016ರ ಜನಮತಗಣನೆಯಲ್ಲಿ ಇಲ್ಲಿನ ಶೇ 75ರಷ್ಟು ಮತದಾರರು ಯುರೋಪಿಯನ್ ಒಕ್ಕೂಟದಲ್ಲೇ ಉಳಿಯೋಣ ಎಂದಿದ್ದರು. ಹಾಗಾಗಿ 2018ರಲ್ಲಿ ಕೋಟೆ ಬೀಳುತ್ತದೆ ಎಂದು ಲೇಬರ್ ಬಹಳ ನಿರೀಕ್ಷೆ ಇಟ್ಟುಕೊಂಡಿತ್ತು. ಕೋಟೆ ಬಿದ್ದದ್ದು ನಾಲ್ಕು ವರ್ಷಗಳ ನಂತರ, 2022ರ ಮೇ 5ರಂದು. ವಾರ್ಡ್‌ಗಳ ಗಡಿಗಳನ್ನು ಹೊಸದಾಗಿ ಎಳೆದಿದ್ದರು. 22 ವಾರ್ಡ್‌ಗಳು, ಕೆಲವಕ್ಕೆ ಮೂವರು, ಕೆಲವಕ್ಕೆ ಇಬ್ಬರು, ಒಟ್ಟು 58 ಕೌನ್ಸಿಲರ್‌ಗಳು. ಲೇಬರ್‌ಗೆ 35, ಕನ್ಸರ್ವೇಟಿವ್‌ಗೆ 22. ಉಳಿದ ಒಂದು ಸ್ಥಾನ ಮತ್ತೆ ಅದೇ ಪಕ್ಷೇತರ, ವೆಸ್ಟ್ ಹಿಲ್ ವಾರ್ಡ್‌ನ ಮಾಲ್ಕಮ್ ಗ್ರಿಮ್ಸ್ಟನ್ ಅವರಿಗೆ. ಹಿಂದೆ ಕನ್ಸರ್ವೇಟಿವ್ ಆಗಿದ್ದು ಪಕ್ಷ ಬಿಟ್ಟವರು ಅವರು. ಮೂರು ಮತಗಳನ್ನೂ ಪಕ್ಷ ನೋಡಿಯೇ ಹಾಕದೆ ವ್ಯಕ್ತಿಗೂ ಒಂದನ್ನು ಮೀಸಲಿಡುವವರು ಇದ್ದಾರೆ ಎಂಬುದಕ್ಕೆ ಅವರೇ ಸಾಕ್ಷಿ.

ಎರಡೂ ಚುನಾವಣೆಗಳಲ್ಲಿ ಲಿಬರಲ್ ಡೆಮಾಕ್ರಾಟ್ ಮತ್ತು ಗ್ರೀನ್ ಪಕ್ಷಗಳಿಗೆ ಸಿಕ್ಕದ್ದು ಸೊನ್ನೆ. ಮತ ಹಾಕಿದವರು ಇರಲಿಲ್ಲ ಎಂದಲ್ಲ, ಅವರು ಬರೋದ ತುಂಬ ಚದುರಿಹೋಗಿದ್ದರು. ಇದರ ಅತಿರೇಕ ನೋಡಬೇಕಾದರೆ ಆಗ್ನೇಯ ಲಂಡನ್ನಿನ ಲೂಯಿಶಮ್‌ಗೆ ಹೋಗಬೇಕು. ಅಲ್ಲಿ 2018ರಲ್ಲೂ 2022ರಲ್ಲೂ 54ಕ್ಕೆ 54 ಸ್ಥಾನ ಲೇಬರ್‌ಗೆ. ಪೂರ್ವ ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ 2010, 2014, 2018, ಮೂರು ಬಾರಿಯೂ 60ಕ್ಕೆ 60. ಲೆಕ್ಕಪತ್ರ ತೋರಿಸಿ ಎಂದು ಎದ್ದು ಕೇಳುವ ಒಬ್ಬ ವಿರೋಧ ಪಕ್ಷದ ಸದಸ್ಯನೂ ಇಲ್ಲದ ಸಭಾಂಗಣ ಯಾವ ಪಕ್ಷದ್ದಾದರೂ ಒಳ್ಳೆಯದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಸ್ಥಾನದ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿಯ ದೋಷವನ್ನು ಈ ಮೂರು ಮತಗಳ ಪದ್ಧತಿ ಇನ್ನಷ್ಟು ಹಿಗ್ಗಿಸುತ್ತದೆ. ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಅದೇ ಬ್ರಿಟನ್ನಿನ ಸ್ಕಾಟ್ಲೆಂಡ್‌ನಲ್ಲಿ 2007ರಿಂದ ಸ್ಥಳೀಯ ಸಂಸ್ಥೆಗಳಿಗೆ 1, 2, 3 ಎಂದು ಆದ್ಯತೆಯ ಅಂಕಿ ಬರೆಯುವ ಪದ್ಧತಿ ಇದೆ. ಅದರಲ್ಲಿ ಸ್ಥಾನಗಳು ಮತಗಳ ಪ್ರಮಾಣಕ್ಕೆ ಎಷ್ಟೋ ಹತ್ತಿರ ಬರುತ್ತವೆ.

ಬೆಂಗಳೂರಿನವರಿಗೆ ಇಲ್ಲಿ 2015ರ ಪಾಲಿಕೆ ಚುನಾವಣೆ ನೆನಪಾಗಬಹುದು. 198ರಲ್ಲಿ 100 ವಾರ್ಡ್ ಗೆದ್ದ ಬಿಜೆಪಿಗೆ ಮೇಯರ್ ಪಟ್ಟ ಸಿಗಲಿಲ್ಲ. ಅದರ ಕಾರಣವೇ ಬೇರೆ. ಅಲ್ಲಿ ಸಂಸದರು, ಶಾಸಕರೂ ಮೇಯರ್ ಆಯ್ಕೆಯಲ್ಲಿ ಮತ ಹಾಕಿದರು. ವಾಂಡ್ಸ್‌ವರ್ತ್‌ನಲ್ಲಿ ಆಡಳಿತ ಯಾರದೆಂದು ತೀರ್ಮಾನಿಸುವುದು ಕೌನ್ಸಿಲರ್‌ಗಳು ಮಾತ್ರ.

ನಿಮ್ಮ ಮಗಳಿಗೆ ಇನ್ನೊಂದು ವಿಷಯ ತಿಳಿಸಿ. ಭಾರತದ ಪಾಸ್‌ಪೋರ್ಟ್ ಇದ್ದರೂ, ವೀಸಾ ಮೇಲೆ ಅಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದರೆ, ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ ಅವರಿಗೂ ಈ ಚುನಾವಣೆಯಲ್ಲಿ ಮತದಾನದ ಹಕ್ಕಿದೆ. ಹೆಸರು ನೋಂದಾಯಿಸಿರಬೇಕು, ಅಷ್ಟೇ. 2023ರಿಂದ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ದಾಖಲೆ ಕಡ್ಡಾಯ. ಅದಕ್ಕೆ ನಮ್ಮ ಪಾಸ್‌ಪೋರ್ಟ್ ಸಾಕು. ಅಲ್ಲಿಗೆ ಹೋಗಿ ನೆಲೆಸಿದ ಎಷ್ಟೋ ಕನ್ನಡಿಗರು ಇದನ್ನು ತಿಳಿಯದೆ ಸುಮ್ಮನಿರುವುದು ನನಗೆ ಬೇಸರದ ಸಂಗತಿ. ಕಸ ಒಯ್ಯುವವರು, ಗ್ರಂಥಾಲಯ ನಡೆಸುವವರು, ಮನೆ ಕಟ್ಟಲು ಅನುಮತಿ ಕೊಡುವವರು ಈ ಕೌನ್ಸಿಲ್‌ನವರೇ ಅಲ್ಲವೇ?

ಮುಂದಿನ ಸಲ ಫಲಿತಾಂಶ ಬಂದಾಗ ನಿಮ್ಮ ಮಗಳು ಬರೋದ ಒಟ್ಟು ಮೊತ್ತವನ್ನು ಬಿಟ್ಟು ವಾರ್ಡ್‌ನ ಪಟ್ಟಿಯನ್ನು ನೋಡಲಿ. ಮೂವರನ್ನು ಆರಿಸುವ ವಾರ್ಡ್‌ನಲ್ಲಿ ನಿಜವಾದ ಪೈಪೋಟಿ ಮೊದಲನೆಯವರ ಮತ್ತು ಎರಡನೆಯವರ ನಡುವೆ ಇರುವುದಿಲ್ಲ. ಮೂರನೆಯ ಹೆಸರಿಗೂ ನಾಲ್ಕನೆಯ ಹೆಸರಿಗೂ ಎಷ್ಟು ಅಂತರವಿದೆ ಎಂಬುದನ್ನು ಗಮನಿಸಬೇಕು. ಮತಪತ್ರದಲ್ಲಿ ಹೆಸರುಗಳು ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಇರುತ್ತವೆ. ಒಂದೇ ಪಕ್ಷದ ಮೂವರಲ್ಲಿ ಪಟ್ಟಿಯ ಮೇಲ್ಭಾಗದಲ್ಲಿರುವವರಿಗೆ ಕೆಳಗಿನವರಿಗಿಂತ ಒಂದಿಷ್ಟು ಹೆಚ್ಚು ಮತ ಬೀಳುವುದು ಲಂಡನ್ನಿನಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಬಿಗಿಯಾದ ಪೈಪೋಟಿಯ ವಾರ್ಡ್‌ನಲ್ಲಿ ಆ ಒಂದಿಷ್ಟು ಮತಗಳೇ ಒಂದು ಸ್ಥಾನವನ್ನು ಅತ್ತಿತ್ತ ಮಾಡಬಲ್ಲವು.