ಪಹಣಿ ಇದ್ದವರನ್ನೂ ‘ವಾಪಸ್ ಬರ್ತೀರಾ?’ ಅಂತ ಕೇಳುತ್ತಾರೆ

ಹೋದ ವರ್ಷ ಮದ್ದೂರು ಕಡೆಯ ರೈತರೊಬ್ಬರು ವೀಸಾ ಸಿಗದೆ ಊರಿಗೆ ಮರಳಿದವರೇ ಸೀದಾ ನನ್ನ ಆಫೀಸಿಗೆ ಬಂದರು. ಹೊರದೇಶದಲ್ಲಿರುವ ಮಗಳ ಮನೆಗೆ ಹೋಗಬೇಕಿತ್ತು. ಮೊಮ್ಮಗು ಹುಟ್ಟಿ ಆರು ತಿಂಗಳಾಗಿತ್ತು. ಯಾವ ದೇಶ ಅನ್ನುವುದು ಇಲ್ಲಿ ಬೇಡ. ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಹೋಗಿದ್ದರು. ಗಾಜಿನ ಆ ಕಡೆ ಕೂತವರು ಮೂರು ಪ್ರಶ್ನೆ ಕೇಳಿ, ಪಾಸ್‌ಪೋರ್ಟಿನ ಜೊತೆ ಒಂದು ಚೀಟಿ ಕೊಟ್ಟು ಕಳಿಸಿದ್ದರು. ಎರಡು ನಿಮಿಷವೂ ಆಗಲಿಲ್ಲವಂತೆ. ಕೊನೆಯ ಪ್ರಶ್ನೆ, ವಾಪಸ್ ಬರ್ತೀರಿ ಅನ್ನೋಕೆ ಏನು ಗ್ಯಾರಂಟಿ ಅಂತ.

“ನಂಗೆ ಅರ್ಥನೇ ಆಗ್ಲಿಲ್ಲ ಸಾರ್. ಬರ್ದೆ ಎಲ್ಲಿಗ್ ಹೋಗನ? ನನ್ ಮೊಖ ನೋಡುದ್ರೆ ಕದ್ದು ಉಳ್ಕೊಳೋನ್ ಥರ ಕಾಣ್ತದಾ?”

ಮಂಡ್ಯದಲ್ಲಿ ತೆರಿಗೆ ಮತ್ತು ವೀಸಾದ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. ವೀಸಾ ಸಿಗಲಿಲ್ಲ ಅನ್ನುವ ಬೇಜಾರು ನಾಲ್ಕು ದಿನಕ್ಕೆ ಹೋಗುತ್ತದೆ. ಕಳ್ಳನ ಹಾಗೆ ನಿಲ್ಲಿಸಿ ಕೇಳಿದರು ಅನ್ನುವ ನೋವು ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳು ‘ಸುಮ್ನೆ ಜಾಸ್ತಿ ಯೋಚನೆ ಮಾಡ್ಬೇಡಿ’ ಅನ್ನುತ್ತಾರೆ. ಆದರೆ ಅವರಿಗೆ ಹಾಗೆ ಅನಿಸಿದ್ದು ತಪ್ಪಲ್ಲ. ಆ ಅನುಮಾನ ಕಾನೂನಿನಲ್ಲೇ ಇದೆ.

ನಮ್ಮ ಕಡೆಯವರು ತುಂಬಾ ಕೇಳುವ ಅಮೆರಿಕದ ವೀಸಾವನ್ನೇ ನೋಡಿ. ಅಲ್ಲಿನ 1952ರ ವಲಸೆ ಕಾನೂನಿನಲ್ಲಿ 214(ಬಿ) ಅಂತ ಒಂದು ಸೆಕ್ಷನ್ ಇದೆ. ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಅಲ್ಲೇ ನೆಲೆಸಲು ಬರುವವರು ಅಂತಲೇ ಮೊದಲು ಎಣಿಸಬೇಕು ಎನ್ನುತ್ತದೆ ಅದು. ಅಲ್ಲ ಅಂತ ಅಧಿಕಾರಿಗೆ ಒಪ್ಪಿಸುವ ಹೊಣೆ ನಮ್ಮದು. ಆಗದಿದ್ದರೆ ಆ ಸೆಕ್ಷನ್ನಿನ ಹೆಸರಿರುವ ಅಚ್ಚಾದ ಚೀಟಿ ಕೈಗೆ ಬರುತ್ತದೆ. ನಿಮ್ಮ ವಿಷಯದಲ್ಲಿ ಏನು ಸಾಲಲಿಲ್ಲ ಅಂತ ಅದರಲ್ಲಿ ಇರುವುದಿಲ್ಲ. ಮೇಲ್ಮನವಿಗೂ ದಾರಿಯಿಲ್ಲ. ಹೊಸದಾಗಿ ಹಣ ಕಟ್ಟಿ ಮತ್ತೆ ಅರ್ಜಿ ಹಾಕಬಹುದು, ಅಷ್ಟೇ.

ಆ ಹಣವೇನು ಕಮ್ಮಿಯೇ? 2023ರ ಜೂನ್‌ನಲ್ಲಿ ಪ್ರವಾಸಿ ವೀಸಾದ ಅರ್ಜಿ ಶುಲ್ಕ 185 ಡಾಲರ್ ಆಯಿತು. 15 ಸಾವಿರ ರೂಪಾಯಿ ದಾಟುತ್ತದೆ. ಟನ್ನಿಗೆ ಮೂರೂವರೆ ಸಾವಿರ ಅಂತ ಹಿಡಿದರೂ ನಾಲ್ಕು ಟನ್ ಕಬ್ಬಿಗಿಂತ ಜಾಸ್ತಿ. ಗಂಡ ಹೆಂಡತಿ ಇಬ್ಬರೂ ಹೋಗಬೇಕಾದರೆ ಎರಡರಷ್ಟು. ವೀಸಾ ಸಿಗಲಿ ಬಿಡಲಿ, ದುಡ್ಡು ವಾಪಸ್ಸಿಲ್ಲ. ಬೆರಳಚ್ಚು ಕೊಡಲು ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ಚೆನ್ನೈನಲ್ಲಿ ತಾರೀಖು ಸಿಕ್ಕಿದವರು ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತುತ್ತಾರೆ. 79 ದಾಟಿದವರಿಗೆ ಸಂದರ್ಶನದಿಂದ ಇದ್ದ ವಿನಾಯಿತಿಯನ್ನೂ 2025ರ ಸೆಪ್ಟೆಂಬರ್‌ನಿಂದ ತೆಗೆದುಬಿಟ್ಟರು. ಮಂಡಿ ನೋವಿನ ಅಜ್ಜಿಯರನ್ನು ನೆನೆದರೆ ನನಗೆ ಇದು ತೀರಾ ಕಠಿಣ ಅನಿಸುತ್ತದೆ.

ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳು ಒಂದು ವಿಷಯದಲ್ಲಿ ವಾಸಿ. ಶುಲ್ಕ 90 ಯೂರೊ, 30 ಸಾವಿರ ಯೂರೊವರೆಗೆ ಚಿಕಿತ್ಸೆಯ ಖರ್ಚು ಕೊಡುವ ವಿಮೆಯೂ ಬೇಕು. ಆದರೆ ನಿರಾಕರಿಸಿದರೆ ಕಾರಣವನ್ನು ಗುರುತು ಮಾಡಿ ಬರೆದು ಕೊಡಬೇಕು. ಮೇಲ್ಮನವಿಯ ಹಕ್ಕೂ ಇದೆ.

ಮದ್ದೂರಿನವರ ಅರ್ಜಿಯ ಪ್ರತಿ ತರಿಸಿ ನೋಡಿದೆ. ಯಾರೋ ತುಂಬಿಕೊಟ್ಟಿದ್ದರು. ಉದ್ಯೋಗದ ಜಾಗದಲ್ಲಿ ‘ನಿವೃತ್ತ’ ಅಂತ ಇತ್ತು. ಆದಾಯದ ಜಾಗ ಖಾಲಿ. ದಿನಾ ಬೆಳಿಗ್ಗೆ ಎದ್ದು ಗದ್ದೆಗೆ ನೀರು ಕಟ್ಟುವ ಮನುಷ್ಯ ನಿವೃತ್ತ ಹೇಗಾಗುತ್ತಾರೆ? ತಿಂಗಳ ಸಂಬಳ ಇಲ್ಲದವರು ಅಂದರೆ ಕೆಲಸ ಇಲ್ಲದವರು ಅಂತ ನಮ್ಮವರೇ ಬರೆದುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಅಮೆರಿಕದ ಡಿಎಸ್-160 ಅರ್ಜಿಯಲ್ಲಿ ಕೃಷಿ ಅಂತಲೇ ಆರಿಸಿಕೊಳ್ಳಲು ಜಾಗವಿದೆ. ಅದನ್ನೇ ಆರಿಸಿ. ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕ ಬರೆಯಿರಿ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಹೆಚ್ಚಿನ ರೈತರು ರಿಟರ್ನ್ಸ್ ಸಲ್ಲಿಸಿರುವುದಿಲ್ಲ. ಇದು ತಪ್ಪಲ್ಲ, ಆದರೆ ಹೊರಗಿನವರಿಗೆ ಹೇಳದಿದ್ದರೆ ಗೊತ್ತಾಗುವುದಿಲ್ಲ ಅಲ್ವಾ? ಒಂದು ಪುಟದ ಪತ್ರದಲ್ಲಿ ಅದನ್ನು ಬರೆಯಿರಿ. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ ಬ್ಯಾಂಕ್ ಖಾತೆಗೆ ಬಂದಿದ್ದರೆ ಆ ಸಾಲುಗಳಿಗೆ ಗುರುತು ಹಾಕಿ. ಆಲೆಮನೆಗೆ ಕೊಟ್ಟು ನಗದು ತೆಗೆದುಕೊಂಡವರಿಗೆ ಈ ಗುರುತು ಸಿಗುವುದಿಲ್ಲ. ಅಂಥವರು ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಬೇಕು.

ಕೈಸಾಲ ತಂದು ಖಾತೆಗೆ ಐದು ಲಕ್ಷ ಹಾಕುವ ಕೆಲಸ ಮಾತ್ರ ಬೇಡ. ಹೋದ ವಾರ ಬಂದ ಹಣ ಹೋದ ವಾರವೇ ಬಂದದ್ದು ಅಂತ ಸ್ಟೇಟ್‌ಮೆಂಟ್ ಹೇಳುತ್ತದೆ. ಸುಳ್ಳು ಪತ್ರವಂತೂ ಕೂಡದು. ಅಮೆರಿಕದಲ್ಲಿ ಅದಕ್ಕೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು.

ಇನ್ನು ಪಹಣಿ. ಮದ್ದೂರಿನವರದು ಎರಡೂವರೆ ಎಕರೆ, ನಾಲೆ ನೀರಿನ ಜಮೀನು. ಉಳುವವರು ಇವರೇ. ಆದರೆ ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳದೆ ಎಷ್ಟೋ ಮನೆಗಳು ಹಾಗೇ ಇವೆ. ಹೆಸರಿನದೂ ಒಂದು ತೊಡಕು. ಪಹಣಿಯಲ್ಲಿ ‘ಇಂಥವರು ಬಿನ್ ಇಂಥವರು’ ಅಂತ ಇರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಬಿಡಿಸಿ ಬರೆದಿರುತ್ತದೆ. ನೋಡುವವರಿಗೆ ಮೂವರು ಬೇರೆ ಬೇರೆ ಜನ. ಪಹಣಿಗೆ ಇಂಗ್ಲಿಷ್ ಅನುವಾದ, ಮೂರೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಎರಡೂ ಜೊತೆಗಿರಲಿ.

ಇಷ್ಟು ಮಾಡಿದರೂ ಆ ಕಾಗದ ಬ್ಯಾಗಿನಲ್ಲೇ ಉಳಿಯಬಹುದು. ಅಧಿಕಾರಿ ಕೇಳದೆ ಇರಬಹುದು. ಹಾಗಾಗಿ ಬಾಯಲ್ಲಿ ಹೇಳುವುದೂ ಗೊತ್ತಿರಬೇಕು. ನಾನು ಉತ್ತರ ಉರು ಹೊಡೆಸುವುದಿಲ್ಲ. ಎದುರು ಕೂರಿಸಿಕೊಂಡು, ಈ ಗೇಣು ಹೊಲ ನಿಮಗೇನು ಅಂತ ಕೇಳುತ್ತೇನೆ. ತಮ್ಮ ಬದುಕಿನ ಬಗ್ಗೆ ಕೇಳಿದರೆ ಯಾರೂ ತಡವರಿಸುವುದಿಲ್ಲ.

ಪೌತಿ ಖಾತೆ ಆದ ಮೇಲೆ ಅವರು ಮತ್ತೆ ಬಂದರು. ಅರ್ಜಿ ತುಂಬಿದೆವು. ಮುಂದಿನ ತಿಂಗಳೇ ತಾರೀಖು ಖಾಲಿ ಇದೆ, ಹಿಡಿಯಲಾ ಗೌಡ್ರೇ ಅಂದೆ.

“ಬ್ಯಾಡಿ ಸಾರ್,” ಅಂದರು. “ಕಬ್ಬು ಕಟಾವಿಗೆ ಬಂದದೆ. ಅದ್ ಮುಗೀಲಿ, ಆಮೇಲೆ ಹಿಡೀರಿ. ಮುಂಗಾರಿಗೆ ಮುಂಚೆ ವಾಪಸ್ ಬಂದ್ಬುಡೋ ಹಂಗೆ ನೋಡಿ.”