ಚಂದ್ರನ ನೆರಳಿಗೆ ಅಂಚು ಹುಡುಕಿದ ನಕ್ಷೆ

1715ರಲ್ಲಿ ಖಗೋಳವಿಜ್ಞಾನಿ ಎಡ್ಮಂಡ್ ಹ್ಯಾಲಿ ಲಂಡನ್ನಿನಲ್ಲಿ ಒಂದೇ ಹಾಳೆಯ ನಕ್ಷೆಯೊಂದನ್ನು ಅಚ್ಚು ಹಾಕಿಸಿದ. ಇಂಗ್ಲೆಂಡಿನ ಮೇಲೆ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಎಳೆದ ಪಟ್ಟಿ, ಅದರೊಳಗೆ ಮೊಟ್ಟೆಯಾಕಾರದ ಕಪ್ಪು ನೆರಳು. ಚಂದ್ರನ ನೆರಳು ಆ ಪಟ್ಟಿಯಲ್ಲಿ ಸಾಗಿ ಸೂರ್ಯನನ್ನು ಪೂರ್ತಿ ಮರೆಮಾಡುವ ಖಗ್ರಾಸ ಗ್ರಹಣ ಏಪ್ರಿಲ್ 22ರ ಬೆಳಗ್ಗೆ. ಈಗಿನ ಕ್ಯಾಲೆಂಡರಿನಲ್ಲಿ ಅದು ಮೇ 3.

ಗ್ರಹಣದ ಹೊತ್ತನ್ನು ಪಂಚಾಂಗದವರೂ ಗುಣಿಸುತ್ತಿದ್ದರು. ಹ್ಯಾಲಿಯ ಜಾಣತನ ಇದ್ದದ್ದು ನಕ್ಷೆಯ ಜೊತೆಗಿನ ಕೋರಿಕೆಯಲ್ಲಿ: ಕತ್ತಲು ಎಷ್ಟು ಹೊತ್ತು ಇತ್ತೆಂದು ಅಳೆದು ತಿಳಿಸಿ, ಒಂದು ಒಳ್ಳೆಯ ಲೋಲಕದ ಗಡಿಯಾರವಿದ್ದರೆ ಸಾಕು. ಗ್ರಹಣ ಹಿಡಿದ ಕ್ಷಣವನ್ನು ಗುರುತಿಸಲು ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿರಬೇಕು, ಊರಿನ ರೇಖಾಂಶವೂ ಗೊತ್ತಿರಬೇಕು. ಕತ್ತಲಿನ ಅವಧಿಗೆ ಅದಾವುದೂ ಬೇಡ. ಹತ್ತು ನಿಮಿಷ ಮುಂದಿರುವ ಗಡಿಯಾರವೂ ಇನ್ನೂರು ಸೆಕೆಂಡನ್ನು ಇನ್ನೂರೆಂದೇ ಎಣಿಸುತ್ತದೆ.

ಅವಧಿ ಸಿಕ್ಕರೆ ಊರು ನೆರಳಿನ ನಡುಗೆರೆಯಿಂದ ಎಷ್ಟು ದೂರವೆಂದು ತಿಳಿಯುತ್ತದೆ, ಏಕೆಂದರೆ ಪ್ರತಿ ಊರೂ ಆ ನೆರಳನ್ನು ಒಂದು ಜ್ಯಾದ (ಅಂಚಿನಿಂದ ಅಂಚಿಗೆ ಎಳೆದ ನೇರ ಗೆರೆಯ) ಉದ್ದಕ್ಕೆ ಕತ್ತರಿಸುತ್ತದೆ. ಪಟ್ಟಿಯ ಅಗಲ ಸುಮಾರು 290 ಕಿ.ಮೀ., ನಡುವೆ ಕತ್ತಲು ಸುಮಾರು 4 ನಿಮಿಷ. ನಡುಗೆರೆಯ ಹತ್ತಿರ ಹತ್ತು ಕಿ.ಮೀ. ಸರಿದರೂ ವ್ಯತ್ಯಾಸ ಸೆಕೆಂಡೂ ಆಗದು. ಅಂಚಿನಲ್ಲಿ ಹಾಗಲ್ಲ: ಬರೀ ಒಂದೂವರೆ ಕಿ.ಮೀ. ಒಳಗೆ ಬಂದರೆ ಸೊನ್ನೆಯಿದ್ದದ್ದು ಅರ್ಧ ನಿಮಿಷ ದಾಟುತ್ತದೆ. ಹಾಗಾಗಿ ಅಂಚಿನ ಹಳ್ಳಿಯವನ ವರದಿ ನಡುವಿನ ಪಂಡಿತನದಕ್ಕಿಂತ ಬೆಲೆಯುಳ್ಳದ್ದು.

ಅಂದು ಲಂಡನ್ನಿನ ಆಕಾಶ ತಿಳಿಯಾಗಿತ್ತು. ಹ್ಯಾಲಿ ಅಳೆದ ಕತ್ತಲು 3 ನಿಮಿಷ 22 ಸೆಕೆಂಡು. ಕೇಂಬ್ರಿಡ್ಜಿನಲ್ಲೂ ಮೋಡವಿರಲಿಲ್ಲ, ಆದರೆ ಅಲ್ಲಿನ ಖಗೋಳ ಪ್ರಾಧ್ಯಾಪಕ ರೋಜರ್ ಕೋಟ್ಸ್ ಸುತ್ತ ಜನ ಮುತ್ತಿಕೊಂಡಿದ್ದರಿಂದ ಗ್ರಹಣದ ಆರಂಭ, ಕತ್ತಲಿನ ಆರಂಭ ಎರಡೂ ಅವನ ಕೈತಪ್ಪಿದವು. (ವೀಕ್ಷಣೆಗೆ ಮೋಡಕ್ಕಿಂತ ನೆಂಟರೇ ದೊಡ್ಡ ಅಡ್ಡಿ.) ದಕ್ಷಿಣದ ಕ್ರಾನ್‌ಬ್ರೂಕ್‌ನಲ್ಲಿ ಸೂರ್ಯ ಒಂದೇ ಕ್ಷಣ ಮರೆಯಾದ. ಉತ್ತರದ ಡ್ಯಾರಿಂಗ್ಟನ್ನಿನಲ್ಲಿ ಪೂರ್ತಿ ಮರೆಯಾಗದೆ, ಮಂಗಳ ಗ್ರಹದಂಥ ಚುಕ್ಕಿಯಾಗಿ ಉಳಿದ. ಎರಡು ಅಂಚುಗಳೂ ಸಿಕ್ಕವು.

ಹ್ಯಾಲಿಯ ಲೆಕ್ಕ ಹೊತ್ತಿನಲ್ಲಿ ಸುಮಾರು 4 ನಿಮಿಷ, ಪಟ್ಟಿಯ ಅಂಚಿನಲ್ಲಿ ಸುಮಾರು 30 ಕಿ.ಮೀ. ತಪ್ಪಿತ್ತು. ನ್ಯೂಟನ್ನನ ಚಂದ್ರಸಿದ್ಧಾಂತ ಆಗ ಅಷ್ಟೇ ಪಕ್ವವಾಗಿದ್ದದ್ದು. ಹ್ಯಾಲಿ ತಪ್ಪನ್ನು ಮುಚ್ಚಿಡದೆ ನಕ್ಷೆ ತಿದ್ದಿಸಿ ಮತ್ತೆ ಅಚ್ಚು ಹಾಕಿಸಿದ. 1724ರ ಗ್ರಹಣದ ಪಟ್ಟಿಯನ್ನೂ ಅದೇ ಹಾಳೆಯಲ್ಲಿ ಸೇರಿಸಿದ. ಅಂಚಿನ ಆ ಎರಡು ಊರುಗಳ ವರದಿಯಿಂದಲೇ 20ನೇ ಶತಮಾನದ ಸಂಶೋಧಕರು 1715ರ ಸೂರ್ಯನ ವ್ಯಾಸವನ್ನು ಲೆಕ್ಕ ಹಾಕಿದರು. ಅದಕ್ಕೆ ಚಂದ್ರನ ಅಂಚಿನ ಬೆಟ್ಟಕಣಿವೆಗಳ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು.